ಚಾವಣಿ ಮೇಲಿನ ಎಮ್ಮೆ

"ನಮ್ಮನೆ ಚಾವಣಿ ಮೇಲೆ ಎಮ್ಮೆ ನಿಂತಿದೆ" ಎಂಬ ದೂರು ಪರದೆಯ ಮೇಲೆ ಮೂಡಿದಾಗ, ಹಳ್ಳಿಮನೆ ಕಟ್ಟಿ ಎಮ್ಮೆ ಸಾಕುವ ಆ ವಿಡಿಯೋ ಗೇಮನ್ನು ಪರೀಕ್ಷಿಸಿ 'ದೋಷವಿಲ್ಲ' ಎಂದು ಸಹಿ ಹಾಕಿದ್ದವಳು ಪರದೆಯತ್ತ ಬಾಗಿದಳು. ಗೇಮ್ ಬಿಡುಗಡೆಯಾಗಿ ಒಂದು ಗಂಟೆಯಾಗಿತ್ತಷ್ಟೆ. ಆಟಗಾರರು ತಿರುಗಿಬಿದ್ದರೆ ಇವತ್ತೇ ಅದನ್ನು ಹಿಂದಕ್ಕೆ ಪಡೆಯುವುದೆಂದು ಮುಖ್ಯಸ್ಥರು ಹೇಳಿದ್ದರು.

"ಆರು ತಿಂಗಳು ಆಡಿದ್ರಲ್ಲ ಮೇಡಂ, ಒಂದ್ಸಲಾನೂ ಎಮ್ಮೆ ಮೇಲೆ ಹತ್ಲಿಲ್ವಾ?" ಎಂದ ಪಕ್ಕದ ಪ್ರೋಗ್ರಾಮರ್.

"ಆಟ ನಿಲ್ಲಿಸಿ ಹತ್ತು ನಿಮಿಷ ಸುಮ್ನಿದ್ರೆ ಮಾತ್ರ ಹತ್ತುತ್ತಂತೆ ಕಣೋ, ದೂರಿನ ಮೊದಲ ಸಾಲಲ್ಲೇ ಇದೆ. ನಾನು ಯಾವತ್ತು ಸುಮ್ನೆ ಕೂತಿದ್ದೆ? ಕೂತಿದ್ರೆ ನೀವೇ ಸೋಮಾರಿ ಅಂತಿದ್ರಿ."

ಬೈಗುಳಕ್ಕೆ ಸಿದ್ಧಳಾಗಿ ಅವಳು ಉಳಿದದ್ದನ್ನು ಓದಿದಳು. ಬರೆದವರು ಒಬ್ಬ ಅಜ್ಜಿ. "ಹಾಲು ಕಾಯಿಸಿ ಬರೋಷ್ಟರಲ್ಲಿ ನಮ್ಮೆಮ್ಮೆ ಮೇಲಿರುತ್ತಪ್ಪ. ಮೊಮ್ಮಗಳಿಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗಿದೆ. ದಯವಿಟ್ಟು ಅದನ್ನ ಇಳಿಸ್ಬೇಡಿ. ಹುಲ್ಲು ಹಾಕೋಕೆ ಒಂದು ಏಣಿ ಕೊಟ್ರೆ ಸಾಕು." ಅದರ ಕೆಳಗೆ ಆಗಲೇ ಮುನ್ನೂರು ಜನ 'ನಮಗೂ ಏಣಿ ಬೇಕು' ಎಂದು ಬರೆದಿದ್ದರು.

ಹಿಂದೆ ನಿಂತು ಓದುತ್ತಿದ್ದ ಮುಖ್ಯಸ್ಥರು ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತರು.

"ಏಣಿ ಮಾಡೋಕೆ ಎಷ್ಟು ದಿನ ಬೇಕಮ್ಮ?"