ಐದನೆಯ ಅಂಕ

ಆಟಗಾರರ ಅಂಕಗಳ ಮೇಲೆ ಬಾಜಿ ಕಟ್ಟಿ ಗೆದ್ದವರ ಫೋನಿಗಷ್ಟೇ ನಾಣ್ಯ ಬೀಳುವ ಕಾಲವದು. ಔಷಧಕ್ಕೂ ಅದೇ ನಾಣ್ಯ ಬೇಕು. ಕಬಡ್ಡಿ ಆಟಗಾರ್ತಿ ಪುಟ್ಟತಾಯಿ ಅಂಕಣಕ್ಕಿಳಿಯುವ ಮುನ್ನ ಬಾಜಿಯ ಫಲಕ ನೋಡಿದಳು. ಅವಳು ಐದು ಅಂಕ ಮುಟ್ಟುವುದಿಲ್ಲವೆಂದು ಬಾಜಿ ಕಟ್ಟಿದವರಲ್ಲಿ ಅವ್ವನ ಹೆಸರೂ ಇತ್ತು.

“ನೀನೂ ಹಿಂಗ್ ಕಟ್ಟಿದ್ದೀಯೇನವ್ವಾ?”

“ನಿನ್ ಮಂಡಿ ನೋವು ನಂಗೊತ್ತಿಲ್ವಾ ಮಗ? ನಾಳೆ ನಿಮ್ಮಪ್ಪಂಗೆ ಡಯಾಲಿಸಿಸ್ ಆಗ್ಲೇಬೇಕು.”

ಆದರೆ ಅಂದು ಮಂಡಿ ನೋಯಲೇ ಇಲ್ಲ. ನಾಲ್ಕು ಅಂಕ ತಂದಳು. ಕೊನೆಯ ರೈಡಿನಲ್ಲಿ ಎದುರಾಳಿಯೊಬ್ಬಳು ಗೇಣು ದೂರದಲ್ಲಿ ಸಿಕ್ಕಳು. ಪುಟ್ಟತಾಯಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಮರಳಿದಳು. ತಂಡ ಒಂದೇ ಅಂಕದಿಂದ ಸೋತಿತು. ಅವಳ ಆಟ ನೋಡಲೆಂದೇ ಬಂದಿದ್ದ ರಾಜ್ಯ ತಂಡದ ಆಯ್ಕೆದಾರರು ಎದ್ದುಹೋದರು.

“ಗೆದ್ವಿ ಕಣ್ ಮಗ!” ಎಂದು ಅವ್ವ ಓಡಿಬಂದು ತಬ್ಬಿದಳು. ಪುಟ್ಟತಾಯಿ ಅವಳ ಹೆಗಲಿಗೆ ಮುಖವೊತ್ತಿ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆಂದು ಅವ್ವ ತಿಳಿದಳು.