ಬಾಗಿದ ತಲೆ

ಹುಡುಗ, ಹೆಣ್ಣಿನ ತಂದೆ ಅರಿಯ ಎಡಗಡೆಗೆ ಬಂದು ಆಶೀರ್ವಾದಕ್ಕೆಂದು ತಲೆ ಬಾಗಿಸಿ ನಿಂತ. ಆ ತಲೆಯ ಮೇಲೆ ಕೈಯಿಟ್ಟು ಹರಸುವುದು ಹಟ್ಟಿಯ ಹಿರಿಯರ ವಾಡಿಕೆ. ಅರಿಯ ಕೈ ಮೇಲೇಳಲಿಲ್ಲ. ಅವನು ಎದುರಿನ ಗೋಡೆಯನ್ನೇ ನೋಡುತ್ತ ಕುಳಿತಿದ್ದ. ಎಮರಾಲ್ಡ್ ಊರಿನಿಂದ ಹೆಣ್ಣು ನೋಡಲು ಬಂದವರು ಒಬ್ಬರನ್ನೊಬ್ಬರು ನೋಡಿಕೊಂಡರು.

ಗ್ಲಾಕೋಮಾ ಎಂಬ ಕಣ್ಣಿನ ರೋಗ ಅರಿಯ ನೋಟದ ಅಂಚುಗಳನ್ನೆಲ್ಲ ತಿಂದುಹಾಕಿತ್ತು. ಉಳಿದದ್ದೂ ಯಾವಾಗ ಹೋಗುತ್ತದೋ ಎಂಬ ಭಯಕ್ಕೆ ಅವನು ನಿದ್ದೆಗೆಟ್ಟಿದ್ದ. ಚಹಾ ತೋಟಕ್ಕೆ ಹೋಗುವುದನ್ನೂ ಬಿಟ್ಟು, ಯಾರೊಂದಿಗೂ ಮಾತಾಡದೆ ದಿನವೆಲ್ಲ ಮಲಗಿರುತ್ತಿದ್ದ. ಇದು ಮಕ್ಕಳಿಗೂ ಬರಬಹುದೆಂದು ಡಾಕ್ಟರು ಹೇಳಿದ್ದು ಮನೆಯವರಿಗೆ ಮಾತ್ರ ಗೊತ್ತಿತ್ತು.

"ಏನಣ್ಣಾ, ನಮ್ಮ ಹುಡುಗ ಹಿಡಿಸಲಿಲ್ವಾ?" ಹುಡುಗನ ತಂದೆ ಕೇಳಿದ.

ಕಾಫಿಯ ತಟ್ಟೆ ಹಿಡಿದು ನಿಂತಿದ್ದ ಮಗಳು ನಿವೇತಾ ತಟ್ಟನೆ, "ತಪ್ಪು ತಿಳೀಬೇಡಿ ಮಾಮ. ಅಪ್ಪ ಬೆಳಗ್ಗೆನೇ ತಣ್ಣಿ ಹಾಕಿಬಿಟ್ಟಿದಾರೆ. ಕುಡಿದ್ರೆ ಅವರಿಗೆ ಯಾರ ಪರಿವೆನೂ ಇರಲ್ಲ," ಎಂದಳು.

ಬಂದವರು ನಿರಾಳವಾಗಿ ನಕ್ಕರು. "ಅಷ್ಟೇನಾ! ಕುಡಿಯೋರು ಯಾವ ಮನೇಲಿಲ್ಲ ಹೇಳಮ್ಮ?"

ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟದ ಅರಿ, ದನಿ ಬಂದ ಕಡೆಗೆ ತಿರುಗಿ ಮಗಳ ಮುಖವನ್ನು ಹುಡುಕಿದ. ಅದು ಸಿಕ್ಕಿದಾಗ ಅವಳು, ಒಳಗೆ ಹೋಗು ಎಂದು ಗದ್ದ ಆಡಿಸಿದಳು. ಅರಿ ಎದ್ದ. ಬೇಕೆಂದೇ ಒಮ್ಮೆ ತೂರಾಡಿದ. ಬಾಗಿಲ ಚೌಕಟ್ಟು ಹಿಡಿದು ನಿಂತು, ಎಲ್ಲರಿಗೂ ಕೇಳುವಂತೆ ತೊದಲಿದ:

"ಇನ್ನೊಂದು ಗ್ಲಾಸ್ ಕೊಡಿ."