ದೀರ್ಘ ವಾಸಕ್ಕೆ ಅವಕಾಶವಿದೆ

ರೂಮು ಬಾಡಿಗೆಗೆ ಹಿಡಿದ ಹೆಂಗಸು ರೂಮಿನ ಕಡೆ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಬಿಟ್ಟವಳೇ ನೆಟ್ಟಗೆ ಅಡುಗೆಮನೆಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಜೊತೆಗೆ ಬಂದಿದ್ದ ಆಕೆಯ ಅಣ್ಣ ಎರ್ರಿಯಪ್ಪ ಹಿತ್ತಲಿಗೆ ಹೋಗಿ ಎಮ್ಮೆಯ ಬೆನ್ನು ಸವರುತ್ತ ನಿಂತ.

ಮನೆಯೊಡತಿ ಪಂಪಮ್ಮ ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದಳು. ಸಂಶಯವೇ ಇಲ್ಲ, ಇವರು ಹೋಂಸ್ಟೇ ಆ್ಯಪ್ ಕಂಪನಿಯವರು. ವೇಷ ಮರೆಸಿಕೊಂಡು ತಪಾಸಣೆಗೆ ಬಂದಿದ್ದಾರೆ. ಇಲ್ಲದಿದ್ದರೆ ಸಂಡೂರಿನವರಿಗೆ ಕಡ್ಡಿರಾಂಪುರದಲ್ಲಿ ರೂಮು ಯಾತಕ್ಕೆ? ಹಂಪಿ ನೋಡಿಕೊಂಡು ಸಂಜೆ ಬಸ್ಸಿಗೆ ಮನೆ ಸೇರುವಷ್ಟೇ ದೂರ!

ತಪ್ಪೆಲ್ಲ ಮಗ ಯಲ್ಲೇಶನದು. ಆ್ಯಪ್‌ನಲ್ಲಿ ಹೋಂಸ್ಟೇ ಹಾಕುವಾಗ ಸೌಲಭ್ಯಗಳ ಸಾಲು ಬಂತಂತೆ. ಪುಣ್ಯಾತ್ಮ ಕಂಡದ್ದಕ್ಕೆಲ್ಲ ಟಿಕ್ ಹೊಡೆದಿದ್ದ. 'ಜಲಾಭಿಮುಖ ಮನೆ.' ಹೌದು, ಹಿಂದೆ ಕಾಲುವೆ ಇದೆ, ಆದರೆ ಕಾಣಬೇಕಾದರೆ ನೀರಿನ ಟ್ಯಾಂಕು ಹತ್ತಬೇಕು. 'ಪ್ರತ್ಯೇಕ ಪ್ರವೇಶ.' ಅದೂ ಇದೆ, ಎಮ್ಮೆಯ ಕೊಟ್ಟಿಗೆಯ ಮೂಲಕ. ಹೈದರಾಬಾದಿನ ದಂಪತಿ ಟ್ಯಾಂಕಿನ ಮೇಲೆ ನಿಂತು ಫೋಟೊ ಹೊಡೆದುಕೊಂಡು, ಎರಡು ಸ್ಟಾರ್ ಬಿಸಾಕಿ ಹೋದರು. ಪುಣೆಯವರು ಸಗಣಿ ತುಳಿದ ಕಾಲಲ್ಲೇ ನಿಂತು ಬೈದು ಬರೆದರು. ಈಗ ಕಂಪನಿಯಿಂದ ಸಂದೇಶ ಬಂದಿತ್ತು: ಇನ್ನೊಂದು ಸಲ ಸ್ಟಾರ್ ಕಡಿಮೆ ಬಿದ್ದರೆ ನಿಮ್ಮ ಮನೆಯನ್ನು ಕಿತ್ತುಹಾಕುತ್ತೇವೆ.

ಕಿತ್ತುಹಾಕಿದರೆ ಯಲ್ಲೇಶ ಮತ್ತೆ ಅದಿರಿನ ಲಾರಿ ಹತ್ತಬೇಕು. ಸಂಡೂರಿನ ಆ ಘಾಟಿನ ತಿರುವುಗಳಲ್ಲಿ ಅವನು ಗಾಡಿ ಓಡಿಸುತ್ತಿದ್ದ ದಿನಗಳಲ್ಲಿ ಪಂಪಮ್ಮನಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಹಟ ಹಿಡಿದು, ಅತ್ತು ಕರೆದು, ಲಾರಿ ಬಿಡಿಸಿ ಮನೆಗೆ ತಂದಿದ್ದಳು. ಮತ್ತೆ ಕಳಿಸುವುದೆಂದರೆ, ಅಯ್ಯೋ, ಬೇಡವೇ ಬೇಡ.

ಬಂದವಳ ಹೆಸರು ಸುಮಲತಾ. ಹಿತ್ತಲಿಂದ ಬಂದ ಅಣ್ಣನ ಪಕ್ಕ ಕಟ್ಟೆಯ ಮೇಲೆ ಕುಳಿತು ಮೊಬೈಲು ತೆರೆದಳು.

"'ಹಂಚಿಕೆಯ ಅಡುಗೆಮನೆ' ಅಂತ ಹಾಕೀರಿ. ಹಂಗಂದ್ರೇನ್ರಿ? ಬಂದವರಿಗೆ ಒಲಿ ಮುಟ್ಟಾಕ ಬಿಡ್ತೀರೋ, ಇಲ್ಲ ಹಿಂದ ನಿಂತು ಹುಳುಕು ಹುಡುಕ್ತೀರೋ?"

"ಅಯ್ಯ, ಪೂರ್ತಿ ಅವರ ಕೈಯಾಗ ಬಿಡ್ತೀನ್ರಿ! ಉಪ್ಪು ಹೆಚ್ಚಾದ್ರೂ ತುಟಿಪಿಟಕ್ ಅನ್ನಂಗಿಲ್ಲ."

"'ಬಟ್ಟೆ ಒಗೆಯುವ ವ್ಯವಸ್ಥೆ' ಅಂತ ಐತಿ. ಒಗಿಯೋರು ಯಾರು?"

"ನನ್ನ ಮಗಾರಿ. ಚಾದರ, ದಿಂಬಿನ ಕವರು, ನನ್ನ ಸೀರಿ ಸೈತ ಅವನ ಒಗೀತಾನ."

ಸುಮಲತಾ ಅಣ್ಣನ ಮುಖ ನೋಡಿದಳು. ಎರ್ರಿಯಪ್ಪ ಸುಮ್ಮನೆ ಕೆಮ್ಮಿದ.

"'ಮದ್ಯಪಾನ ನಿಷೇಧ.' ಬಂದವರಿಗಷ್ಟ ಏನು, ಮನಿಯವರಿಗೂ ಐತೇನು?"

"ಮೊದಲು ಮನಿಯವರಿಗೇ ರೀ!"

"'ಶಾಂತ ಪರಿಸರ.' ನೀವು ಒದರಾಡಂಗಿಲ್ಲೇನ್ರಿ ಅಕ್ಕಾರ?"

"ನಾನಾ?" ಪಂಪಮ್ಮ ಸೆರಗು ಸರಿಮಾಡಿಕೊಂಡಳು. ಅಂದು ಬೆಳಿಗ್ಗೆ ಮಗನಿಗೆ ಬೈದದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿತ್ತು. "ನನ್ನ ದನಿ ನಮ್ಮ ಎಮ್ಮಿಗೂ ಕೇಳಂಗಿಲ್ರಿ ಮೇಡಂ."

ಕೊಟ್ಟಿಗೆಯಲ್ಲಿ ಯಲ್ಲೇಶ ಕಿಸಕ್ಕೆಂದ. ಪಂಪಮ್ಮ ಅತ್ತ ಕಣ್ಣು ಕೆಕ್ಕರಿಸಿದಳು. ಈ ಹುಡುಗನಿಗೆ ಯಾವಾಗ ನಗಬೇಕು ಅನ್ನುವ ಬುದ್ಧಿ ಎಂದು ಬರುತ್ತದೋ!

"ಕಡೀಗೊಂದು ಕೇಳ್ತೀನಿ. 'ದೀರ್ಘ ವಾಸಕ್ಕೆ ಅವಕಾಶವಿದೆ.' ದೀರ್ಘ ಅಂದ್ರ ಎಷ್ಟು?"

"ಜೀವ ಇರೋತನಕ ಇರ್ಲಿ, ಯಾರು ಬ್ಯಾಡಂತಾರ! ಒಮ್ಮೆ ಬಂದವರಿಗೆ ಹೋಗಾಕ ಮನಸ್ಸು ಬರಬಾರದು, ಹಂಗ ನೋಡ್ಕೋತೀನ್ರಿ."

ಮಧ್ಯಾಹ್ನ ಪಂಪಮ್ಮ ಕೈಯಲ್ಲಿದ್ದ ವಿದ್ಯೆಯೆಲ್ಲ ತಟ್ಟೆಗೆ ಸುರಿದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಡ್ಡೆ ಮೊಸರು. ಎರ್ರಿಯಪ್ಪ ತಟ್ಟೆ ನೆಕ್ಕುವುದೊಂದೇ ಬಾಕಿ.

"ಹೆಂಗೈತ್ರಿ ಮೇಡಂ?"

"ಏನೋ, ನಡೀತೈತಿ," ಎಂದಳು ಸುಮಲತಾ, ಮತ್ತೊಂದು ರೊಟ್ಟಿಗೆ ಕೈ ಚಾಚುತ್ತ.

ಒಂದು ಒಳ್ಳೆಯ ಮಾತಾಡಿದರೆ ಇವಳ ಗಂಟೇನು ಹೋಗುತ್ತಿತ್ತು? ರೂಮು ತೋರಿಸಿದಾಗಲೂ "ಇರ್ಲಿ ಬಿಡ್ರಿ." ಯಲ್ಲೇಶ ತಾನಾಗಿ ತಟ್ಟೆ ತೊಳೆದಿಟ್ಟಾಗಲೂ "ಹೂಂ." ಪಂಪಮ್ಮನಿಗೆ ಒಳಗೊಳಗೇ ಕುದಿಯುತ್ತಿತ್ತು, ಮುಖದ ಮೇಲೆ ಮಾತ್ರ ನಗು ಅಂಟಿಸಿಕೊಂಡೇ ಓಡಾಡಿದಳು.

ಮರುದಿನ ಬೆಳಿಗ್ಗೆ, ಹಂಪಿಯ ಒಂದು ಕಲ್ಲನ್ನೂ ನೋಡದೆ ಅಣ್ಣ ತಂಗಿ ಹೊರಟರು. ಪಂಪಮ್ಮ ಕುಂಕುಮ ಹಚ್ಚಿ ರವಿಕೆ ಕಣ ಕೊಟ್ಟಳು. ಸುಮಲತಾ ಆಕೆಯ ಎರಡೂ ಕೈ ಹಿಡಿದುಕೊಂಡು ನಿಂತಳು, ಕಣ್ಣಲ್ಲಿ ನೀರು. ಐದು ಸ್ಟಾರ್ ಪಕ್ಕಾ ಎಂದುಕೊಂಡಳು ಪಂಪಮ್ಮ.

ಬಸ್ಸು ಇನ್ನೂ ಹೊಸಪೇಟೆ ಮುಟ್ಟಿರಲಿಕ್ಕಿಲ್ಲ, ಮೊಬೈಲು ಟಿಣ್ ಎಂದಿತು. ಒಂದು ಸ್ಟಾರ್. ಬೈಗುಳವಿಲ್ಲ, ಕಾರಣವಿಲ್ಲ, ಬರೀ ಒಂದು ಸ್ಟಾರ್. ಅದರ ಬೆನ್ನಿಗೇ ಕಂಪನಿಯ ಸಂದೇಶ: ನಿಮ್ಮ ಮನೆಯನ್ನು ತೆಗೆದುಹಾಕಲಾಗಿದೆ.

ಯಲ್ಲೇಶ ಲಾರಿ ಮಾಲೀಕರ ನಂಬರು ಹುಡುಕತೊಡಗಿದ. ಅದನ್ನು ಕಂಡು ಪಂಪಮ್ಮ ಮೊಬೈಲು ಕಿತ್ತುಕೊಂಡು ಸುಮಲತಾಳಿಗೆ ಫೋನು ಹಚ್ಚಿದಳು. ಶಾಂತ ಪರಿಸರ ಹಾಳಾಗಿ ಹೋಯಿತು.

"ಉಂಡ ಮನಿಗೆ ಹಿಂಗ ಮಾಡ್ತಾರೇನ್ರಿ? ಏನು ಕಮ್ಮಿ ಮಾಡಿದ್ದೆ ನಿಮಗ? ನನ್ನ ಮಗ ಈಗ ಮತ್ತ ಲಾರಿ ಹತ್ತಬೇಕಲ್ರೀ!" ಬೈಯಲು ಹೋದವಳಿಗೆ ಅಳು ಬಂತು.

ಆ ಕಡೆ ಬಸ್ಸಿನ ಗದ್ದಲ. ನಡುವೆ ಸುಮಲತಾಳ ದನಿ ಬೆಣ್ಣೆಯ ಹಾಗೆ ಮೆತ್ತಗಿತ್ತು. "ಅಳಬ್ಯಾಡ್ರಿ ಬೀಗತಿ. ಕಮಲಾಪುರದ ನಮ್ಮ ನೆಂಟ ಮಲ್ಲೇಶ ನಮ್ಮ ಹುಡುಗಿಗೆ ನಿಮ್ಮ ಹುಡುಗನ ಸಂಬಂಧ ಹೇಳಿದ್ದ. ಹೇಳಿ ಬಂದ್ರ ಯಾರ ಮನೀನೂ ಚಂದ ಕಾಣ್ತೈತಿ, ಅದಕ್ಕ ರೂಮು ಹಿಡಿದು ನೋಡಿದ್ವಿ. ನಮಗೆಲ್ಲಾ ಭಾಳ ಒಪ್ಪಿಗಿ ಆಗೈತಿ."

ಪಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮತ್ತ... ಮತ್ತ ಆ ಒಂದ ಸ್ಟಾರ್?"

"ಅಷ್ಟು ಚಂದದ ಮನೀಗೆ ಐದಕ್ಕ ಐದು ಕೊಟ್ಟು ಊರಿಗೆಲ್ಲಾ ತೋರ್ಸಿದ್ರ ಕಣ್ಣು ಬೀಳಂಗಿಲ್ಲೇನ್ರಿ? ನನ್ನ ಮಗಳು ಬಾಳೋ ಮನಿ ಅಂತ ನಾನ ಕೈಯಾರೆ ದೃಷ್ಟಿಬೊಟ್ಟು ಇಟ್ಟೀನಿ."